ದರ್ಜಿ ಹೆಂಗಸಿನ ಮಾತು

1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸೊಬ್ಬಳು, ತಾನು ಹೆಚ್ಚು ಕಾಲ ಬದುಕುವುದಿಲ್ಲ ಎಂದಳು. ಅವಳ ಮನೆತನದಲ್ಲಿ ಬಹಳ ಮಂದಿ ಕರುಳಿನ, ಜಠರದ, ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಿದ್ದರು. ಮಾತು ಸುಳ್ಳಾಗಲಿಲ್ಲ. ಗರ್ಭಕೋಶದ ಕ್ಯಾನ್ಸರ್ ಅವಳನ್ನೂ ಅಕಾಲದಲ್ಲಿ ಒಯ್ದಿತು.

ಕರುಳಿನ ಕ್ಯಾನ್ಸರಿನ ಚರಿತ್ರೆ ಓದುವಾಗಲೆಲ್ಲ ನಾನು ಈ ಹೆಂಗಸಿನ ಬಳಿ ಬಂದು ನಿಲ್ಲುತ್ತೇನೆ. ನಾವಾಗಿದ್ದರೆ 'ಹಣೆಬರಹ' ಎಂದು ಸುಮ್ಮನಾಗುತ್ತಿದ್ದೆವೇನೋ. ವಾರ್ಥಿನ್ ಸುಮ್ಮನಾಗಲಿಲ್ಲ. ಅವಳ ವಂಶವೃಕ್ಷವನ್ನು ಕಲೆಹಾಕಿ 1913ರಲ್ಲಿ ಪ್ರಕಟಿಸಿದರು. ಅದರಲ್ಲಿ ಆ ಮನೆತನದ ಹೆಸರು 'ಜಿ ಕುಟುಂಬ' ಎಂದಷ್ಟೇ ಇದೆ.

ಕ್ಯಾನ್ಸರ್ ವಂಶದಲ್ಲಿ ಹರಿದುಬರಬಹುದು ಎಂಬುದನ್ನು ವೈದ್ಯಲೋಕ ಬೇಗ ಒಪ್ಪಲಿಲ್ಲ. 1966ರಲ್ಲಿ ಹೆನ್ರಿ ಲಿಂಚ್ ಇಂಥವೇ ಎರಡು ಕುಟುಂಬಗಳ ವಿವರ ಪ್ರಕಟಿಸಿದರು. ಮುಂದೆ ಜಿ ಕುಟುಂಬದ ದಾಖಲೆಯನ್ನೂ ಮುಂದುವರಿಸಿದರು. ಇಂದು ಈ ಕಾಯಿಲೆಯನ್ನು ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ.

ಕಾರಣದ ಎಳೆ ಸಿಕ್ಕಿದ್ದು 1993ರಲ್ಲಿ. ಜೀವಕೋಶ ಎರಡಾಗುವ ಮುನ್ನ ತನ್ನ ಡಿಎನ್ಎಯ ನಕಲು ತೆಗೆಯುತ್ತದೆ. ನಕಲಿನಲ್ಲಿ ಅಕ್ಷರದೋಷಗಳು ನುಸುಳುತ್ತವೆ. ಕರಡು ತಿದ್ದುವವರಂತೆ ಕೆಲವು ಪ್ರೋಟೀನುಗಳು ಅವನ್ನು ಹುಡುಕಿ ಸರಿಪಡಿಸುತ್ತವೆ. ಬ್ಯಾಕ್ಟೀರಿಯಾದಲ್ಲಿ ಈ ತಿದ್ದುವ ಬಗೆಯನ್ನು ಬಿಡಿಸಿಟ್ಟ ಪಾಲ್ ಮಾಡ್ರಿಚ್ 2015ರ ನೊಬೆಲ್ ಹಂಚಿಕೊಂಡರು. ಮನುಷ್ಯರಲ್ಲಿ ಎಂಎಸ್ಎಚ್2 ಎಂಬ ಜೀನ್ ಕೆಟ್ಟರೆ ತಿದ್ದುವವರೇ ಇಲ್ಲದಂತಾಗುತ್ತದೆ. 2000ದಲ್ಲಿ ಜಿ ಕುಟುಂಬದಲ್ಲೂ ಅದೇ ಜೀನಿನ ದೋಷ ಪತ್ತೆಯಾಯಿತು. ದರ್ಜಿ ಹೆಂಗಸಿಗೆ ಉತ್ತರ ಸಿಗಲು ನೂರೈದು ವರ್ಷ ಬೇಕಾಯಿತು.

ಈ ದೌರ್ಬಲ್ಯವೇ ಚಿಕಿತ್ಸೆಗೆ ದಾರಿಯಾಯಿತು. ತಪ್ಪುಗಳು ತುಂಬಿದ ಗಡ್ಡೆ ವಿಚಿತ್ರ ಪ್ರೋಟೀನುಗಳನ್ನು ತಯಾರಿಸುತ್ತದೆ. ರೋಗನಿರೋಧಕ ಕಣಗಳು ಅವನ್ನು ಪರಕೀಯವೆಂದು ಗುರುತಿಸಬಲ್ಲವು. ಆದರೆ ಗಡ್ಡೆ ಆ ಕಣಗಳ ಪಿಡಿ-1 ಎಂಬ ಬ್ರೇಕನ್ನು ಒತ್ತಿಹಿಡಿದಿರುತ್ತದೆ. ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮಾಬ್ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗಡ್ಡೆ ಯಾವ ಅಂಗದ್ದು ಎಂದು ನೋಡದೆ, ಈ ದೋಷವಿದೆಯೇ ಎಂದು ಮಾತ್ರ ನೋಡಿ ಕೊಟ್ಟ ಒಪ್ಪಿಗೆ ಅದು. 2022ರಲ್ಲಿ ನ್ಯೂಯಾರ್ಕಿನಲ್ಲಿ ಇಂಥದೇ ಔಷಧ ಡೊಸ್ಟಾರ್ಲಿಮಾಬ್ ಪಡೆದ ಮೊದಲ 12 ಮಂದಿ ಗುದನಾಳದ ಕ್ಯಾನ್ಸರ್ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ, ವಿಕಿರಣವಿಲ್ಲದೆ ಗಡ್ಡೆ ಕಾಣದಾಯಿತು.

ಎಲ್ಲರಿಗೂ ಈ ಅದೃಷ್ಟವಿಲ್ಲ. ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 15ರಲ್ಲಿ ಮಾತ್ರ ಈ ದೋಷವಿರುತ್ತದೆ; ವಂಶದಿಂದ ಬಂದದ್ದು ಇನ್ನೂ ಕಡಿಮೆ. ಆದರೂ ಲಿಂಚ್ ಸಿಂಡ್ರೋಮ್ ಇದೆಯೆಂದು ಮೊದಲೇ ತಿಳಿದವರು ಕಾಲಕಾಲಕ್ಕೆ ಕೊಲೊನೋಸ್ಕೋಪಿ ಮಾಡಿಸಿಕೊಂಡು ಗಡ್ಡೆಯನ್ನು ಮೊಳಕೆಯಲ್ಲೇ ಹಿಡಿಯಬಹುದು. ಅದಕ್ಕೆ ಮನೆಯಲ್ಲಿ ಅಜ್ಜ ಏಕೆ ಸತ್ತ, ಅತ್ತೆ ಏಕೆ ಸತ್ತಳು ಎಂದು ಬಾಯಿಬಿಟ್ಟು ಹೇಳುವವರು ಬೇಕು. ಆ ಹೆಂಗಸು ಹೇಳಿದಳು, ಕೇಳಿದವರು ಬರೆದಿಟ್ಟರು.