ಕಲ್ಯಾಣದ ಕಾವ್ಯಚೋರರು

ಸತ್ತ ಗೆಳತಿಯ ಹಸ್ತಪ್ರತಿಯನ್ನು ಕದ್ದು ತನ್ನದೆಂದು ಅಚ್ಚುಹಾಕಿಸಿದ ಲೇಖಕಿಯ ಕಥೆಯನ್ನು ಅಮೆರಿಕದ ಕಾದಂಬರಿಕಾರ್ತಿ ಆರ್. ಎಫ್. ಕುವಾಂಗ್ 2023ರಲ್ಲಿ ‘ಯೆಲ್ಲೋಫೇಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ವಿಡಂಬನೆಯೂ ರೋಮಾಂಚನವೂ ಬೆರೆತ ಆ ಕಾದಂಬರಿಯನ್ನು ಓದಿದವರು, ಇದು ಈ ಕಾಲದ ಪುಸ್ತಕವ್ಯಾಪಾರ ಹುಟ್ಟಿಸಿದ ರೋಗವೆಂದು ತಿಳಿಯುವುದು ಸಹಜ. ಆದರೆ ಲೇಖಕರ ಮತ್ಸರಕ್ಕೂ ಕೃತಿಚೌರ್ಯದ ಭಯಕ್ಕೂ ನಮ್ಮ ಬಸವಕಲ್ಯಾಣದಲ್ಲಿ ಒಂಬೈನೂರು ವರ್ಷಗಳನ್ನು ಮೀರಿದ ಇತಿಹಾಸವಿದೆ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದನು. ಅವನ ಆಸ್ಥಾನಕ್ಕೆ ದೂರದ ಕಾಶ್ಮೀರದಿಂದ ಬಂದ ಕವಿ ಬಿಲ್ಹಣ. ದಾರಿಯಲ್ಲಿ ಡಾಹಲದ ಕರ್ಣನ ಸಭೆಯಲ್ಲಿ ಗಂಗಾಧರನೆಂಬ ಕವಿಯನ್ನು ಸೋಲಿಸಿದುದನ್ನು ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಕಲ್ಯಾಣದಲ್ಲಿ ಅವನಿಗೆ ‘ವಿದ್ಯಾಪತಿ’ ಪದವಿ ದೊರೆಯಿತು. ಆನೆಗಳ ದಂಡಿನ ನಡುವೆ ಅರಸನ ಮುಂದೆಯೇ ಅವನ ಛತ್ರಿ ಕಾಣುತ್ತಿತ್ತೆಂದು ಕಲ್ಹಣನು ‘ರಾಜತರಂಗಿಣಿ’ಯಲ್ಲಿ ಬರೆದಿದ್ದಾನೆ.

ಇಷ್ಟು ಎತ್ತರಕ್ಕೆ ಏರಿದವನಿಗೂ ಕಳ್ಳರ ಚಿಂತೆ ತಪ್ಪಲಿಲ್ಲ. ‘ವಿಕ್ರಮಾಂಕದೇವಚರಿತ’ದ ಮೊದಲ ಸರ್ಗದಲ್ಲಿಯೇ ಅವನು ಕಾವ್ಯಾರ್ಥವನ್ನು ಕದಿಯುವವರನ್ನು ಅಮೃತಕ್ಕೆ ಮುತ್ತಿದ ದೈತ್ಯರಿಗೆ ಹೋಲಿಸುತ್ತಾನೆ. ಮರುಗಳಿಗೆಯಲ್ಲಿ, ಎಷ್ಟು ಕದ್ದರೂ ದೊಡ್ಡ ಕವಿಗೆ ನಷ್ಟವಿಲ್ಲವೆಂದು ಸಮಾಧಾನವನ್ನೂ ತಂದುಕೊಳ್ಳುತ್ತಾನೆ. ಈ ಸಮಾಧಾನ ಛತ್ರಿಯ ನೆರಳಿನಲ್ಲಿ ಕುಳಿತವನಿಗೆ ಸುಲಭವಾದುದೆಂದು ನನಗೆ ತೋರುತ್ತದೆ.

ಕದಿಯುವ ವಿದ್ಯೆಗೆ ಆ ಹೊತ್ತಿಗೆ ಶಾಸ್ತ್ರವೂ ಹುಟ್ಟಿತ್ತು. ಬಿಲ್ಹಣನಿಗಿಂತ ಒಂದೂವರೆ ಶತಮಾನದಷ್ಟು ಹಿಂದಿನ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ‘ಹರಣ’ಕ್ಕೇ ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಅನ್ಯರ ಅರ್ಥವನ್ನೇ ಮಾತು ಬದಲಿಸಿ ಹೇಳುವುದು ‘ಪ್ರತಿಬಿಂಬಕಲ್ಪ’. ಅದಕ್ಕೆ ಅಷ್ಟಿಷ್ಟು ಸಂಸ್ಕಾರ ಕೊಟ್ಟು ಬೇರೆಂಬಂತೆ ತೋರಿಸುವುದು ‘ಆಲೇಖ್ಯಪ್ರಖ್ಯ’. ಕದ್ದುದನ್ನು ಮರೆಮಾಚಬಲ್ಲ ಕವಿಯೇ ಸುಖಿ ಎಂಬ ಧಾಟಿಯ ಚೇಷ್ಟೆಯೂ ಅವನಲ್ಲಿ ಉಂಟು.

ಬಿಲ್ಹಣ ಜಾಣ. ತನ್ನ ಕಾವ್ಯದ ಹದಿನೆಂಟನೆಯ ಸರ್ಗದಲ್ಲಿ ಊರು, ವಂಶ, ಸಂಚಾರಗಳನ್ನೆಲ್ಲ ಬರೆದಿಟ್ಟನು. 1874ರಲ್ಲಿ ಜಾರ್ಜ್ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸರಿಗೆ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಈ ಕಾವ್ಯದ ಪ್ರತಿ ದೊರೆತು, 1875ರಲ್ಲಿ ಅಚ್ಚಾದಾಗ, ಕವಿಯ ಚರಿತ್ರೆಯನ್ನು ಬೇರೆಲ್ಲಿಯೂ ಹುಡುಕಬೇಕಾಗಲಿಲ್ಲ.

ಎಲ್ಲರಿಗೂ ಈ ಭಾಗ್ಯವಿರಲಿಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯನ್ನು ಬಲ್ಲವರು ಬಲ್ಲರು. ಅವಳು ಬರೆಯುತ್ತಿರುವುದು ಇದೇ ವಿಕ್ರಮಾದಿತ್ಯನ ಸ್ತುತಿಯನ್ನು. ಅರಸನ ಹೆಸರು ಕಲ್ಲಿನಲ್ಲಿ ನಿಂತಿದೆ. ಶ್ಲೋಕ ಕಟ್ಟಿದವನ ಹೆಸರಿಲ್ಲ. ಯಾರೂ ಕದಿಯದೆಯೇ ಕವಿಯೊಬ್ಬ ಕಳೆದುಹೋಗಿದ್ದಾನೆ.

ಮುಂದಿನ ಕೆಲವು ದಶಕಗಳಲ್ಲಿ ಅದೇ ಕಲ್ಯಾಣ ಇನ್ನೊಂದು ಬಗೆಯ ಬರವಣಿಗೆಯನ್ನು ಕಂಡಿತು. ವಚನಕಾರರು ಮಾತಿನ ಕೊನೆಗೆ ತಮ್ಮ ಹೆಸರನ್ನಿಡದೆ ತಾವು ನಂಬಿದ ದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ಕೀರ್ತಿಗಾಗಿ ಇಟ್ಟ ಮುದ್ರೆ ಅದಲ್ಲ. ಆದರೂ ಕಾಲಾಂತರದಲ್ಲಿ ಅದೇ ಒಡೆತನದ ಸಾಕ್ಷಿಯಾಯಿತು. ಓಲೆಗರಿಗಳನ್ನು ಊರೂರು ಅಲೆದು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರಿಗೂ, ಅನಂತರದ ಸಂಪಾದಕರಿಗೂ ಯಾರ ವಚನ ಯಾರದೆಂದು ಬೇರ್ಪಡಿಸಲು ಅಂಕಿತವೇ ಕೈಗೋಲು.

ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ‘ಶೂನ್ಯಸಂಪಾದನೆ’ಯನ್ನು ನೋಡಿ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಕಟ್ಟಿದುದನ್ನು ಮತ್ತೆ ಮೂವರು ತಮ್ಮ ತಮ್ಮ ರೀತಿಯಲ್ಲಿ ಕಟ್ಟಿದರು. ಎಲ್ಲರೂ ಪರರ ಮಾತನ್ನೇ ಪೋಣಿಸಿದವರು. ಆದರೆ ಅದನ್ನು ಚೌರ್ಯವೆಂದು ಯಾರೂ ಕರೆಯುವುದಿಲ್ಲ. ಏಕೆಂದರೆ ಅಲ್ಲಮನ ಮಾತು ಅಲ್ಲಿ ಗುಹೇಶ್ವರನ ಅಂಕಿತದೊಡನೆ ಅಲ್ಲಮನದಾಗಿಯೇ ಉಳಿದಿದೆ. ತೆಗೆದುಕೊಳ್ಳುವುದು ಕಳವಲ್ಲ, ತೆಗೆದುಕೊಂಡು ಒಡೆಯನ ಗುರುತನ್ನು ಅಳಿಸುವುದು ಕಳವು.

ಈ ಕಳವಿನಿಂದ ದೊಡ್ಡವರಿಗೆ ಆಗುವ ಹಾನಿ ಅಲ್ಪ. ಬಿಲ್ಹಣನ ಹತ್ತು ಕಲ್ಪನೆಗಳನ್ನು ಯಾರು ದೋಚಿದರೂ ಹದಿನೆಂಟು ಸರ್ಗಗಳು ಅವನ ಪರವಾಗಿ ಸಾಕ್ಷಿ ನುಡಿಯುತ್ತವೆ. ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯ ಪಾಡು ಹಾಗಲ್ಲ. ಅವಳದೆಂದು ನಮಗೆ ದೊರೆತಿರುವುದು ಒಂದೇ ವಚನ. ಅದರ ಅಂಕಿತ ನಿರ್ಲಜ್ಜೇಶ್ವರ. ಪ್ರತಿ ಮಾಡುವವನೊಬ್ಬ ಆ ಒಂದು ಪದವನ್ನು ಒರೆಸಿ ಬೇರೊಂದನ್ನು ಬರೆದಿದ್ದರೆ ವಚನ ಉಳಿಯುತ್ತಿತ್ತು, ಸಂಕವ್ವೆ ಉಳಿಯುತ್ತಿರಲಿಲ್ಲ.