ಫಲಕ್‌ನುಮಾದ ಪಂಕ್ತಿ

ತಾಂಡೂರಿನ ಕಡೆಯಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗುವ ನಮ್ಮವರು ವಿಕಾರಾಬಾದ್ ನಿಲ್ದಾಣವನ್ನು ಎಷ್ಟು ಬಾರಿ ದಾಟಿಲ್ಲ! ಆ ಊರಿಗೆ ಹೆಸರಿತ್ತ ನವಾಬ ವಿಕಾರ್-ಉಲ್-ಉಮ್ರಾ ಅವರೇ ಫಲಕ್‌ನುಮಾ ಅರಮನೆಯನ್ನು ಕಟ್ಟಿಸಿದವರು. ಶಿಷ್ಯನೊಬ್ಬನ ಮಗಳ ಮದುವೆಯ ನಿಮಿತ್ತ ಅಲ್ಲಿಗೆ ಹೋಗುವ ಯೋಗ ನಮಗೊಮ್ಮೆ ಒದಗಿತು.

ನವಾಬರು ಪೈಗಾ ಮನೆತನದವರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸಹೋದರಿಯನ್ನು ವರಿಸಿದವರು. 1884ರಲ್ಲಿ ಗುಡ್ಡದ ಮೇಲೆ ಆರಂಭವಾದ ಕಟ್ಟಡ ಮುಗಿಯಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಭೋಜನಶಾಲೆಯ ಒಂದೇ ಮೇಜಿಗೆ 101 ಮಂದಿ ಕೂಡಬಹುದು. ಕಟ್ಟಿಸಿದವರಿಗೆ ವಾಸಕ್ಕಿಂತ ಔತಣವೇ ಮುಖ್ಯವಾಗಿತ್ತೆಂಬುದು ಆ ಮೇಜನ್ನು ಕಂಡೊಡನೆ ಹೊಳೆಯುತ್ತದೆ. ಆದರೆ ವೆಚ್ಚ ಕೈಮೀರಿತು. ಕೆಲವೇ ವರ್ಷಗಳಲ್ಲಿ ಅರಮನೆ ನಿಜಾಮರ ಪಾಲಾಗಿ ಅವರ ಅತಿಥಿಗೃಹವಾಯಿತು. ಮಹಬೂಬರು 1911ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ.

ಪೈಗಾ ಜಹಗೀರಿನ ಹಳ್ಳಿಗಳು ಕಲಬುರಗಿ, ಬೀದರ ಸೀಮೆಗಳಲ್ಲಿಯೂ ಹರಡಿದ್ದವು. ಆ ಮನೆತನದ ವೈಭವದಲ್ಲಿ ಜೋಳ ಬೆಳೆದ ನಮ್ಮ ಹಿರಿಯರ ಕಂದಾಯವೂ ಕರಗಿರಬೇಕು. ಅವರಲ್ಲಿ ಯಾರಿಗೂ ಆ ಪಂಕ್ತಿಯಲ್ಲಿ ಎಲೆ ಹಾಕಿರಲಾರರು.

1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ತಂಗಿದ ಬಳಿಕ ಅರಮನೆ ಬಹುಕಾಲ ಮೌನವಾಗಿತ್ತು. ಅನಂತರ ತಾಜ್ ಸಂಸ್ಥೆ ಅದನ್ನು ಗುತ್ತಿಗೆಗೆ ಪಡೆಯಿತು. ರಾಜಕುಮಾರಿ ಎಸ್ರಾ ಅವರ ಮೇಲ್ವಿಚಾರಣೆಯಲ್ಲಿ ಸುಮಾರು ಹತ್ತು ವರ್ಷ ಜೀರ್ಣೋದ್ಧಾರ ನಡೆದು, 2010ರಲ್ಲಿ ಹೋಟೆಲಾಗಿ ತೆರೆಯಿತು. ಕಟ್ಟಿಸಿದವರನ್ನು ಕೈಸೋಲಿಸಿದ ಔತಣವೇ ಈಗ ಸೂರನ್ನು ಕಾಯುತ್ತಿದೆ. ಬೀಗ ಜಡಿದು ಬಾವಲಿಗಳಿಗೆ ಬಿಡುವುದಕ್ಕಿಂತ ಇದು ಮೇಲೆಂದೇ ನಮ್ಮ ಅಭಿಪ್ರಾಯ. ಹಳೆಯ ಸುಣ್ಣದ ಗೋಡೆ, ಮರದ ಕೆತ್ತನೆಗಳ ಆರೈಕೆಗೆ ಹಣ ಬೇಕು. ಬರಿಯ ಅಭಿಮಾನ ಸಾಲದು.

ಅಂದು ಕುದುರೆಗಾಡಿಯಲ್ಲಿ ನಮ್ಮನ್ನು ಮೇಲಕ್ಕೆ ಕರೆದೊಯ್ದರು. ನಿಲುವಂಗಿ ತೊಟ್ಟ ಆಳುಗಳು ಬಾಗಿ ನಮಸ್ಕರಿಸಿದಾಗ, ಧೋತರ ಉಟ್ಟ ನಾವು ತುಸು ಮುಜುಗರಪಟ್ಟೆವೆಂಬುದನ್ನು ಮರೆಮಾಚುವುದೇಕೆ? ಮಂಟಪವನ್ನು ಅಂಗಳದಲ್ಲಿ ಹಾಕಿದ್ದರು. ಗೋಡೆಗೆ ಮೊಳೆ ಹೊಡೆಯದೆ ಮಾವಿನ ತೋರಣವನ್ನು ಬೇರೆ ಗಳುಗಳಿಗೆ ಕಟ್ಟಿದ್ದರು. ಆ ಎಚ್ಚರ ನಮಗೆ ಬಹಳ ಹಿಡಿಸಿತು. ವೆಚ್ಚವೆಷ್ಟೆಂದು ಕೇಳಲಿಲ್ಲ. ಆದರೆ ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಎರಡು ತುದಿಗಳೂ ಅಲ್ಲಿ ಕೂಡಿದ್ದವು. ನವಾಬರ ಕಥೆ ನೆನಪಾಗಿ, ಶಿಷ್ಯನನ್ನು ಬದಿಗೆ ಕರೆದು, "ಸಾಲ ಮಾಡಿಲ್ಲವಷ್ಟೆ?" ಎಂದೆವು.

"ಸ್ವಲ್ಪ ಆಗಿದೆ, ಸರ್. ಮಗಳ ಆಸೆ," ಎಂದು ಅವನು ತಲೆತಗ್ಗಿಸಿದ. ಏಳನೆಯ ತರಗತಿಯಲ್ಲಿ ಲೆಕ್ಕ ತಪ್ಪಿದಾಗಲೂ ಹಾಗೆಯೇ ನಿಲ್ಲುತ್ತಿದ್ದ. ಹೆಚ್ಚು ಹೇಳುವ ಹೊತ್ತು ಅದಲ್ಲ; ಅಕ್ಷತೆ ಹಾಕಿ ಊಟಕ್ಕೆ ಕುಳಿತೆವು. ಸಂಜೆಯ ರೈಲಿನಲ್ಲಿ ಮರಳುವಾಗ ವಿಕಾರಾಬಾದಿನಲ್ಲಿ ಜೋಳದ ಮೂಟೆ ಹೊತ್ತ ಮುದುಕನೊಬ್ಬ ಹತ್ತಿದ. ನಾವು ಸರಿದು ಜಾಗ ಕೊಟ್ಟೆವು.