ಶಾಲೆಯ ಬಾಗಿಲು ಮತ್ತೆ ತೆರೆದಾಗ: ಕೋಗಳಿ ನಾಡಿನ ಗುರುಗಳ ಅಂಜಿಕೆ

ಶಾಸನಗಳಲ್ಲಿ ‘ಕೋಗಳಿ ಐನೂರು’ ಎಂದು ಹೆಸರಾದ ನಾಡು ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಗಳಲ್ಲಿ ಹರಡಿಕೊಂಡಿದೆ. ಆ ನಾಡಿಗೆ ಹೆಸರು ಕೊಟ್ಟ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಗ್ರಾಮ. ಅಲ್ಲಿನ ಬಸದಿಯನ್ನು ಗಂಗರ ದೊರೆ ದುರ್ವಿನೀತನು ಕಟ್ಟಿಸಿದನೆಂದು ಹನ್ನೊಂದನೆಯ ಶತಮಾನದ ಶಾಸನವೊಂದು ನೆನೆಯುತ್ತದೆ. ದೊರೆಯ ಹೆಸರು ಕಲ್ಲಿನಲ್ಲಿ ಉಳಿಯಿತು. ದತ್ತಿಯ ವಿವರ ಉಳಿಯಿತು. ಊರಿಗೆ ಬೇನೆ ಬಂದಾಗ ಮಕ್ಕಳಿಗೆ ಅಕ್ಷರ ಹೇಳುತ್ತಿದ್ದವನ ಎದೆ ಹೇಗೆ ಹೊಡೆದುಕೊಂಡಿತೆಂಬುದನ್ನು ಮಾತ್ರ ಯಾವ ಕಲ್ಲೂ ಹೇಳುವುದಿಲ್ಲ.

ನಮ್ಮ ಕಾಲದ ಮಹಾಮಾರಿಯ ವಿಷಯದಲ್ಲಿಯೂ ಹೀಗೆಯೇ ಆಗುವ ಸಂಭವವಿದೆ. ಶಾಲೆಗಳನ್ನು ಮುಚ್ಚಿದ ದಿನಾಂಕ, ತೆರೆದ ದಿನಾಂಕ, ಮಂತ್ರಿಗಳ ಹೆಸರು ಇವೆಲ್ಲ ಕಡತಗಳಲ್ಲಿ ದೊರೆಯುತ್ತವೆ. ಆ ಎರಡು ದಿನಾಂಕಗಳ ನಡುವೆ ಗುರುಗಳ ಮನೆಗಳಲ್ಲಿ ನಡೆದ ಮಾತುಕತೆ ಎಲ್ಲಿಯೂ ದಾಖಲಾಗುವುದಿಲ್ಲ. ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ಶಿಕ್ಷಕರು, ಶಿಕ್ಷಕಿಯರು, ಶಾಲೆಯ ಸಹಾಯಕರು, ಬಿಸಿಯೂಟ ಬೇಯಿಸುವ ತಾಯಂದಿರು ಅನೇಕರಿದ್ದಾರೆ. ಅವರ ಅಂಜಿಕೆಗೂ ಒಂದು ಚರಿತ್ರೆಯಿದೆ. ಅದನ್ನು ಬರೆದಿಡುವುದು ಈ ಲೇಖನದ ಉದ್ದೇಶ.

ಈ ನಾಡಿಗೆ ಸಾಂಕ್ರಾಮಿಕ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯಿಂದ ಹೊರಟ ಪ್ಲೇಗು ಹುಬ್ಬಳ್ಳಿಯನ್ನು ದಾಟಿ ಒಳನಾಡುಗಳಿಗೆ ಬಂದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿದ ಜೀವಗಳನ್ನು ಬಲಿ ತೆಗೆದುಕೊಂಡಿತು. ನೆರೆಯ ಮೈಸೂರು ಸಂಸ್ಥಾನ ಒಂದರಲ್ಲಿಯೇ ಸತ್ತವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆದರೆ ಆ ಕಾಲದಲ್ಲಿ ಹಳ್ಳಿಗಳ ಬಹುಪಾಲು ಮಕ್ಕಳು ಶಾಲೆಯ ಹೊಸ್ತಿಲನ್ನೇ ತುಳಿದಿರಲಿಲ್ಲ. ಪ್ರತಿಯೊಂದು ಹಳ್ಳಿಯಲ್ಲಿಯೂ, ತಾಂಡಾಗಳಲ್ಲಿಯೂ ಶಾಲೆಯಿರುವ ಕಾಲದಲ್ಲಿ ಬಂದ ಮಹಾಮಾರಿ 2020ರದು. ಆದುದರಿಂದ ‘ಶಾಲೆಗೆ ಹೋಗುವುದೇ, ಬೇಡವೇ’ ಎಂಬ ಪ್ರಶ್ನೆ ಇಡೀ ಸಮಾಜವನ್ನು ಕಾಡಿದ್ದು ಅದೇ ಮೊದಲು.

2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಅದು ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು. ಆ ವಾರದಲ್ಲಿಯೇ ರಾಜ್ಯದ ಶಾಲೆಗಳು ಮುಚ್ಚಿದವು. ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋಯಿತು. ಏಪ್ರಿಲ್ ಹೊತ್ತಿಗೆ ಜಗತ್ತಿನ ಸುಮಾರು 190 ದೇಶಗಳಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಮನೆಯಲ್ಲಿದ್ದರು. ಮೊದಲ ದಿನಗಳಲ್ಲಿ ಅದೊಂದು ಅನಿರೀಕ್ಷಿತ ರಜೆಯಂತೆ ತೋರಿದ್ದೂ ಉಂಟು.

ಮೇ, ಜೂನ್ ತಿಂಗಳುಗಳಲ್ಲಿ ಚಿತ್ರ ಬದಲಾಯಿತು. ದುಡಿಯಲು ಬೆಂಗಳೂರಿಗೂ ಮುಂಬಯಿಗೂ ಗುಳೆ ಹೋಗಿದ್ದವರು ಹಿಂದಿರುಗಿದರು. ಹೀಗೆ ಬಂದವರನ್ನು ರಾಜ್ಯದ ಹಲವೆಡೆ ಶಾಲೆಗಳಲ್ಲಿಯೂ ವಿದ್ಯಾರ್ಥಿ ನಿಲಯಗಳಲ್ಲಿಯೂ ಪ್ರತ್ಯೇಕವಾಗಿ ಇರಿಸಲಾಯಿತು. ತಾನು ಪಾಠ ಮಾಡುತ್ತಿದ್ದ ಕೊಠಡಿಯಲ್ಲಿಯೇ ಸೋಂಕಿನ ಶಂಕೆಯುಳ್ಳವರು ಮಲಗಿದ್ದುದನ್ನು ಕಂಡ ಶಿಕ್ಷಕರಿಗೆ ಆ ಕೊಠಡಿ ಮತ್ತೆ ಮೊದಲಿನಂತೆ ಕಾಣುವುದಾದರೂ ಹೇಗೆ? ಜೂನ್ ತಿಂಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನೂರಾರು ನೌಕರರಿಗೆ ಸೋಂಕು ತಗಲಿತು. ಅದೇ ತಿಂಗಳ ಕೊನೆಗೆ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಗುಂಡಿಗೆ ಎಸೆಯುತ್ತಿದ್ದ ದೃಶ್ಯವನ್ನು ನಾಡೆಲ್ಲ ನೋಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಕೋಗಳಿ ಸೀಮೆ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಸಾವಿಗಿಂತಲೂ ಅನಾಥ ಸಾವಿಗೆ, ಮಣ್ಣು ಹಾಕಲು ಮಕ್ಕಳಿಲ್ಲದ ಸಾವಿಗೆ ನಮ್ಮ ಜನರು ಹೆಚ್ಚು ಅಂಜುತ್ತಾರೆ. ಆ ಬೇಸಿಗೆಯ ಭಯ ಎಷ್ಟು ಆಳವಾಗಿತ್ತೆಂಬುದನ್ನು ಅರಿಯಬೇಕಾದರೆ ಇದನ್ನು ನೆನಪಿನಲ್ಲಿಡಬೇಕು.

ಇಂಥ ದಿನಗಳಲ್ಲಿಯೇ, ಜೂನ್ 25ರಿಂದ, ಮುಂದೂಡಿದ್ದ ಪರೀಕ್ಷೆ ನಡೆಯಿತು. ಸುಮಾರು ಎಂಟೂವರೆ ಲಕ್ಷ ಮಕ್ಕಳು ಹೆಸರು ನೋಂದಾಯಿಸಿದ್ದರು. ಬಾಗಿಲಲ್ಲಿ ನಿಂತು ಜ್ವರ ಅಳೆದವರು, ಮಕ್ಕಳ ಕೈಗೆ ದ್ರಾವಣ ಹಾಕಿದವರು, ಅಂತರ ಬಿಟ್ಟು ಬೆಂಚುಗಳನ್ನು ಜೋಡಿಸಿದವರು ಯಾರು? ನಮ್ಮ ಶಿಕ್ಷಕರೇ. ಪರೀಕ್ಷೆ ಸುಸೂತ್ರವಾಗಿ ಮುಗಿದುದಕ್ಕೆ ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರಿಗೆ ಮೆಚ್ಚುಗೆ ದೊರೆಯಿತು, ಅದು ಸಲ್ಲತಕ್ಕದ್ದೇ. ಆದರೆ ಆ ಯಶಸ್ಸಿನಿಂದ ಒಂದು ತಪ್ಪು ಪಾಠವನ್ನೂ ಕಲಿಯಲಾಯಿತೆಂದು ನನ್ನ ಭಾವನೆ. ಶಿಕ್ಷಕರು ಅಂಜಿದರೂ ಆದೇಶ ಬಂದರೆ ಬರುತ್ತಾರೆ, ಆದುದರಿಂದ ಅವರ ಅಂಜಿಕೆಯನ್ನು ಕೇಳಬೇಕಾದ ಅಗತ್ಯವಿಲ್ಲ ಎಂಬುದೇ ಆ ಪಾಠ.

ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಗುರುಗಳೇ ಮಕ್ಕಳ ಬಳಿಗೆ ಹೋಗುವ ಯೋಜನೆಯದು. ಫೋನಿಲ್ಲದವರು, ಸಾಮಾನ್ಯ ಫೋನುಳ್ಳವರು, ಅಂತರ್ಜಾಲವಿರುವ ಫೋನುಳ್ಳವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಗುಡಿಯ ಪೌಳಿಯಲ್ಲಿ, ಮರದ ನೆರಳಿನಲ್ಲಿ, ಮನೆಯ ಜಗುಲಿಯಲ್ಲಿ ಪಾಠ ನಡೆಯಿತು. ಈ ಯೋಜನೆಯ ಕಲ್ಪನೆ ಸುಂದರವಾದುದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಫೋನು ಕೊಳ್ಳಲಾಗದ ಕುಟುಂಬಗಳ ಮಕ್ಕಳಿಗೆ, ಕುರಿ ಮೇಯಿಸಲೋ ಈರುಳ್ಳಿ ಹೊಲದ ಕಳೆ ಕೀಳಲೋ ಹೊರಟು ನಿಂತವರಿಗೆ ಪುಸ್ತಕದ ನೆನಪು ಉಳಿದದ್ದು ಇದರಿಂದಲೇ.

ಆದರೆ ಗುರುಗಳು ದಿನಕ್ಕೆ ಹಲವು ಓಣಿಗಳನ್ನು ಸುತ್ತಬೇಕಾಗಿತ್ತು. ಬಸ್ಸುಗಳು ವಿರಳವಾಗಿದ್ದವು. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಸೋಂಕನ್ನು ತಾನೇ ಒಯ್ಯುತ್ತಿರುವೆನೇ ಎಂಬ ಸಂಶಯ ಅವರ ಬೆನ್ನು ಬಿಡಲಿಲ್ಲ. ಸಕ್ಕರೆ ಕಾಯಿಲೆಯವರಿದ್ದರು, ಬಸುರಿ ಶಿಕ್ಷಕಿಯರಿದ್ದರು, ಮನೆಯಲ್ಲಿ ಹಾಸಿಗೆ ಹಿಡಿದ ತಂದೆತಾಯಿಗಳಿದ್ದವರಿದ್ದರು. ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ರಾಜ್ಯದ ಬೇರೆ ಬೇರೆ ಕಡೆಗಳಿಂದ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ಸುದ್ದಿಗಳು, ಶಿಕ್ಷಕರ ಸಾವಿನ ಸುದ್ದಿಗಳು ಬಂದವು. ಅಕ್ಟೋಬರ್ 10ರಂದು ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಮರುದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಅಕ್ಟೋಬರ್ 12ರಿಂದ 30ರವರೆಗೆ ಮಧ್ಯಂತರ ರಜೆಯನ್ನು ಘೋಷಿಸಿದರು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಈ ರೋಗ ಮುಖ್ಯವಾಗಿ ಗಾಳಿಯ ಮೂಲಕ, ಅದರಲ್ಲಿಯೂ ಮುಚ್ಚಿದ ಕೋಣೆಗಳಲ್ಲಿ ಹರಡುತ್ತದೆಂಬುದು ಇಂದು ಸ್ಪಷ್ಟವಾಗಿದೆ. ಅಂದು ಎಲ್ಲರ ಗಮನವೂ ಬೆಂಚು ಒರೆಸುವುದರ ಮೇಲೆ, ಕೈ ತೊಳೆಯುವುದರ ಮೇಲೆ. ಬಯಲಿನ ಪಾಠವನ್ನು ಅಪಾಯವೆಂದು ನಿಲ್ಲಿಸಿ, 2021ರ ಜನವರಿ 1ರಂದು ಕೊಠಡಿಯ ಪಾಠವನ್ನು ಆರಂಭಿಸಲಾಯಿತು! ಹತ್ತನೆಯ ತರಗತಿಯವರಿಗೂ ದ್ವಿತೀಯ ಪಿಯುಸಿಯವರಿಗೂ ಪಾಠ. ಆರರಿಂದ ಒಂಬತ್ತರವರೆಗಿನವರಿಗೆ ಶಾಲೆಯ ಆವರಣದಲ್ಲಿಯೇ ಪರಿಷ್ಕೃತ ವಿದ್ಯಾಗಮ. ಶಿಕ್ಷಕರು ಮೊದಲೇ ಗಂಟಲ ದ್ರವದ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿತ್ತು. ಮೊದಲ ವಾರದಲ್ಲಿಯೇ ಬೆಳಗಾವಿ, ಗದಗ ಜಿಲ್ಲೆಗಳಲ್ಲಿ ಕೆಲವು ಶಿಕ್ಷಕರಿಗೆ ಸೋಂಕಿರುವುದು ಗೊತ್ತಾಯಿತು. ಲಸಿಕೆಯಾದರೋ ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಗೆ ಆರಂಭವಾಯಿತು. ನಲವತ್ತೈದು ದಾಟಿದ ಎಲ್ಲರಿಗೂ ಅದು ದೊರೆತದ್ದು ಏಪ್ರಿಲ್ 1ರಿಂದ, ಹದಿನೆಂಟು ದಾಟಿದವರಿಗೆ ಮೇ ತಿಂಗಳಿಂದ. ಅಂದರೆ ಆ ಜನವರಿಯಲ್ಲಿ ಕೊಠಡಿಯ ಬಾಗಿಲು ತೆರೆದ ಗುರುಗಳ ರಕ್ಷಣೆಗಿದ್ದದ್ದು ಒಂದು ಬಟ್ಟೆಯ ಮುಖಗವಸು ಮಾತ್ರ.

ಇದೇ ಸಂದರ್ಭದಲ್ಲಿ ಆಡಳಿತವೂ ಬದಲಾಗುತ್ತಿತ್ತು. 2021ರ ಫೆಬ್ರವರಿ 8ರಂದು ವಿಜಯನಗರ ಜಿಲ್ಲೆಯ ಅಧಿಸೂಚನೆ ಹೊರಬಿದ್ದಿತು. ಅಕ್ಟೋಬರ್ 2ರಂದು ಜಿಲ್ಲೆಯ ಉದ್ಘಾಟನೆಯಾಯಿತು. ಎರಡು ಮಹಾಮಾರಿಯ ಅಲೆಗಳ ನಡುವೆ ಹುಟ್ಟಿದ ಜಿಲ್ಲೆ ಇದು.

ಎರಡನೆಯ ಅಲೆಯ ಬಗೆಗೆ ಹೆಚ್ಚು ಬರೆಯಲು ಮನಸ್ಸು ಬಾರದು. 2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭೆಗೂ, ಬಸವಕಲ್ಯಾಣ ಮತ್ತು ಮಸ್ಕಿ ವಿಧಾನಸಭೆಗಳಿಗೂ ಉಪಚುನಾವಣೆಗಳು ನಡೆದವು. ಮತಗಟ್ಟೆಯ ಕೆಲಸದಿಂದ ಮರಳಿದ ಶಿಕ್ಷಕರಲ್ಲಿ ಹಲವರು ತೀರಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಶಾಲೆ ಅಪಾಯಕಾರಿಯೆಂದು ಮುಚ್ಚಿದ ಸಮಾಜವೇ ಶಿಕ್ಷಕರನ್ನು ಮತಗಟ್ಟೆಗೆ ಕಳುಹಿಸಿತ್ತು.

ಇನ್ನು ಖಾಸಗಿ ಶಾಲೆಗಳ ಮಾತು. ಅನುದಾನವಿಲ್ಲದ ಶಾಲೆಗಳಲ್ಲಿ ಶುಲ್ಕ ಬಾರದೆ ಸಂಬಳ ಅರ್ಧವಾಯಿತು, ಕೆಲವೆಡೆ ನಿಂತೇಹೋಯಿತು. ತರಕಾರಿ ಮಾರಿದ ಶಿಕ್ಷಕರನ್ನೂ ಉದ್ಯೋಗ ಖಾತ್ರಿಯ ಮಣ್ಣು ಹೊತ್ತವರನ್ನೂ ನಾಡು ಕಂಡಿತು. 2021ರ ಜೂನ್‌ನಲ್ಲಿ ಸರ್ಕಾರ ಇಂಥವರಿಗೆ ಒಮ್ಮೆ 5,000 ರೂಪಾಯಿಗಳ ನೆರವನ್ನು ಘೋಷಿಸಿತು. ಇವರ ಅಂಜಿಕೆ ಇಮ್ಮಡಿಯಾಗಿತ್ತು. ಶಾಲೆ ತೆರೆದರೆ ಜೀವದ ಭಯ, ತೆರೆಯದಿದ್ದರೆ ಅನ್ನದ ಭಯ. ಕ್ರೈಸ್ತ ಆಡಳಿತದ ಶಾಲೆಗಳೂ ಈ ಕಷ್ಟದಿಂದ ಹೊರತಾಗಿರಲಿಲ್ಲ. ಕೆಲವರು ಇದ್ದುದನ್ನು ಹಂಚಿಕೊಂಡರು. ಎಲ್ಲರೂ ಹಂಚಿಕೊಂಡರೆಂದು ಹೇಳಲು ಬಾರದು.

ಧರ್ಮಸಭೆಯು ಇಂಥ ಕಾಲವನ್ನು ಹಿಂದೆಯೂ ಕಂಡಿದೆ. 1576ರಲ್ಲಿ ಮಿಲಾನ್ ನಗರಕ್ಕೆ ಪ್ಲೇಗು ಬಂದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದವರು ಸಂತ ಚಾರ್ಲ್ಸ್ ಬೊರೊಮಿಯೊ. ಮಕ್ಕಳಿಗೆ ಧರ್ಮೋಪದೇಶದ ಶಾಲೆಗಳನ್ನು ಬೆಳೆಸಿದವರು ಅವರು. ಜನರು ಮನೆಗಳಿಂದ ಹೊರಬರಬಾರದೆಂಬ ಕಟ್ಟಳೆಯನ್ನು ಅವರು ಅಂಜುಬುರುಕತನವೆಂದು ಹಳಿಯಲಿಲ್ಲ. ರಸ್ತೆಗಳು ಕೂಡುವೆಡೆ ಪೂಜಾಪೀಠಗಳನ್ನು ನಿಲ್ಲಿಸಿದರು, ಜನರು ಕಿಟಕಿಗಳಿಂದಲೇ ಬಲಿಪೂಜೆಯಲ್ಲಿ ಭಾಗಿಗಳಾದರು. ಮರದಡಿಯ ನಮ್ಮ ಪಾಠಗಳನ್ನು ನೆನೆದಾಗ ನನಗೆ ಆ ಪೀಠಗಳು ನೆನಪಾಗುತ್ತವೆ. ಅದೇ ಬೊರೊಮಿಯೊ ಅವರು 1580ರಲ್ಲಿ ಒಬ್ಬ ಬಾಲಕನಿಗೆ ಪ್ರಥಮ ಪರಮಪ್ರಸಾದವನ್ನು ನೀಡಿದರು. ಆ ಬಾಲಕನೇ ಮುಂದೆ ವಿದ್ಯಾರ್ಥಿಗಳ ಪಾಲಕರಾದ ಸಂತ ಅಲೋಶಿಯಸ್ ಗೊನ್ಜಾಗ. 1880ರಲ್ಲಿ ಆರಂಭವಾದ ಮಂಗಳೂರಿನ ಕಾಲೇಜಿಗೆ ಅವರದೇ ಹೆಸರು. 1591ರಲ್ಲಿ ರೋಮ್ ನಗರದಲ್ಲಿ ರೋಗಿಗಳ ಸೇವೆ ಮಾಡುತ್ತಾ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಾವು ಪ್ರಬೋಧನೆಗಳಲ್ಲಿ ಇಷ್ಟನ್ನೇ ಹೇಳುತ್ತೇವೆ. ಜೊತೆಗಾರರು ರೋಗಕ್ಕೆ ತುತ್ತಾದಾಗ ಅವರ ಹಿರಿಯರು ಅವರನ್ನು ಆ ಸೇವೆಯಿಂದ ತಡೆದಿದ್ದರು, ಆಮೇಲೆ ಸಾಂಕ್ರಾಮಿಕ ರೋಗಿಗಳಿಲ್ಲದ ಆಸ್ಪತ್ರೆಗೆ ಹೋಗಲಷ್ಟೇ ಅನುಮತಿ ಕೊಟ್ಟಿದ್ದರು ಎಂಬ ಸಂಗತಿಯನ್ನು ಬಿಟ್ಟುಬಿಡುತ್ತೇವೆ. ಸಂತನ ಧೈರ್ಯದ ಕಥೆಯೊಳಗೆ ಹಿರಿಯರ ಆ ಎಚ್ಚರಿಕೆಯೂ ಸೇರಿದೆ.

ಪವಿತ್ರ ಗ್ರಂಥದಲ್ಲಿ ಪ್ರವಾದಿ ಎಲೀಯನು ಪ್ರಾಣಭಯದಿಂದ ಮರುಭೂಮಿಗೆ ಓಡಿಹೋಗಿ ಗಿಡದಡಿಯಲ್ಲಿ ಮಲಗಿದಾಗ ದೇವರು ಅವನನ್ನು ಗದರಿಸಲಿಲ್ಲ. ದೂತನು ಬಂದು ಮೊದಲು ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮತ್ತೆ ಮಲಗಲು ಬಿಟ್ಟನು, ಮತ್ತೆ ಉಣಿಸಿದನು. ಮುಂದಿನ ಕೆಲಸದ ಮಾತು ಬಂದದ್ದು ಆಮೇಲೆ. ಗೆತ್ಸೆಮನಿ ತೋಪಿನಲ್ಲಿ ಪ್ರಭು ಯೇಸುವೇ ಕಳವಳಗೊಂಡರೆಂದು ಶುಭಸಂದೇಶಕಾರರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 2020ರ ಮಾರ್ಚ್ 27ರಂದು ಮಳೆ ಸುರಿಯುತ್ತಿದ್ದ ನಿರ್ಜನ ಚೌಕದಲ್ಲಿ ನಿಂತು ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು ಧ್ಯಾನಕ್ಕೆ ಆರಿಸಿಕೊಂಡದ್ದೂ ಬಿರುಗಾಳಿಗೆ ಅಂಜಿದ ಶಿಷ್ಯರ ಪ್ರಸಂಗವನ್ನೇ. ಹೀಗಿರುವಾಗ ನಾವು ಪೀಠದ ಬಳಿ ನಿಂತು ಶಿಕ್ಷಕರಿಗೆ ‘ಧೈರ್ಯ ತಂದುಕೊಳ್ಳಿ, ವಿಶ್ವಾಸವಿದ್ದರೆ ಏನೂ ಆಗದು’ ಎಂದದ್ದು ಸರಿಯಾದ ಸಾಂತ್ವನವಾಗಿತ್ತೇ? ಗುರುಗಳ ಅಂಜಿಕೆ ವಿಶ್ವಾಸದ ಕೊರತೆಯಾಗಿರಲಿಲ್ಲ. ಕೊಠಡಿಯ ಕಿಟಕಿ ಎಷ್ಟು ಕಿರಿದು, ಒಂದು ಬೆಂಚಿಗೆ ಎಷ್ಟು ಮಕ್ಕಳು, ನಲ್ಲಿಯಲ್ಲಿ ನೀರು ಬರುತ್ತದೆಯೇ ಇಲ್ಲವೇ ಎಂಬುದು ಅವರಿಗಷ್ಟೇ ತಿಳಿದಿತ್ತು. ಅವರು ಅಂಜಿದ್ದು ಬಲ್ಲವರಾಗಿ ಅಂಜಿದ್ದು. ಅದನ್ನು ಮೊದಲೇ ಕೇಳಿದ್ದರೆ ಕೆಲವು ಆದೇಶಗಳನ್ನಾದರೂ ಬೇರೆ ರೀತಿಯಲ್ಲಿ ಬರೆಯಬಹುದಾಗಿತ್ತು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಶಾಲೆಗಳನ್ನು ಮುಚ್ಚಿಯೇ ಇಟ್ಟದ್ದರ ನಷ್ಟ ಚಿಕ್ಕದಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶೇ. 92ರಷ್ಟು ಮಕ್ಕಳು ಭಾಷೆಯಲ್ಲಿ, ಶೇ. 82ರಷ್ಟು ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷ ಬಲ್ಲವರಾಗಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಮಕ್ಕಳು ಕೈತಪ್ಪಿ ಹೋಗುತ್ತಿದ್ದಾರೆಂಬ ಈ ಭಯವೂ ಶಿಕ್ಷಕರದೇ ಆಗಿತ್ತು. ತನಗೆ ರೋಗ ಬಂದೀತೆಂದು ರಾತ್ರಿ ನಿದ್ದೆಗೆಟ್ಟವರೇ, ಏಳನೆಯ ತರಗತಿಯ ಹುಡುಗಿಗೆ ಮದುವೆಯ ಮಾತು ನಡೆದಿದೆಯೆಂದು ಕೇಳಿ ಬೆಳಗ್ಗೆ ಅವಳ ಮನೆಯ ಬಾಗಿಲಿಗೆ ಹೋದವರು. ಇಬ್ಬರು ಬೇರೆ ಬೇರೆ ವ್ಯಕ್ತಿಗಳಲ್ಲ.

2021ರ ಆಗಸ್ಟ್ 23ರಂದು ಸೋಂಕಿನ ಪ್ರಮಾಣ ಕಡಿಮೆಯಿದ್ದ ಜಿಲ್ಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ ಶಾಲೆ ತೆರೆಯಿತು. ಸೆಪ್ಟೆಂಬರ್ 6ರಂದು ಆರರಿಂದ ಎಂಟನೆಯ ತರಗತಿಯವರು ಬಂದರು. ಈ ಸಲ ಶಿಕ್ಷಕರ ತೋಳಿಗೆ ಲಸಿಕೆ ಬಿದ್ದಿತ್ತು. ಅಂಜಿಕೆ ಪೂರ್ತಿ ಹೋಗಿರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಸಂಕೋಚ ಕಡಿಮೆಯಾಗಿತ್ತು. ಕೊನೆಯದಾಗಿ ಅಕ್ಟೋಬರ್ 25ರಂದು ಒಂದರಿಂದ ಐದನೆಯ ತರಗತಿಯ ಮಕ್ಕಳು ಬಂದರು. ಮೊದಲ ಕೆಲವು ದಿನ ಅರ್ಧ ದಿನದ ಪಾಠ. ಎರಡನೆಯ ತರಗತಿಯಲ್ಲಿ ಕುಳಿತ ಮಕ್ಕಳು ಒಂದನೆಯ ತರಗತಿಯ ಕೊಠಡಿಯನ್ನು ನೋಡಿಯೇ ಇರಲಿಲ್ಲ. ಪಾಟಿ ಹಿಡಿಯುವುದು ಹೇಗೆ, ಗಂಟೆ ಬಾರಿಸಿದಾಗ ಎದ್ದು ಸಾಲಾಗಿ ನಿಲ್ಲುವುದು ಹೇಗೆ ಎಂಬುದರಿಂದಲೇ ಗುರುಗಳು ಆರಂಭಿಸಬೇಕಾಯಿತು.